ಪಾಲಯ್ಯನ ಸೋಮವಾರದ ತೂಕ

ಸುಣ್ಣ ಹೊಡೆಸಲೇಬೇಕೆಂದು ಹೆಂಡತಿ ಹಟ ಹಿಡಿದಿದ್ದರಿಂದ ಮೊನ್ನೆ ಅಟ್ಟ ಹತ್ತಿದೆ. ನನ್ನ ವಯಸ್ಸಿನವರು ಅಟ್ಟ ಹತ್ತಬಾರದು. ಬೀಳುತ್ತೇವೆಂಬ ಭಯಕ್ಕಲ್ಲ, ಬೇಡವೆಂದು ಎಸೆದದ್ದೆಲ್ಲ ಅಲ್ಲಿ ಸಿಗುತ್ತದೆ. ಮೂಲೆಯಲ್ಲಿ ಗೋಣಿಚೀಲ ಸುತ್ತಿದ ಒಂದು ಗಂಟಿತ್ತು. ಬಿಚ್ಚುವ ಮೊದಲೇ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆಯುವ ರೈಟರಾಗಿದ್ದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗಿದ್ದದ್ದು ನನ್ನ ಹಳೆಯ ಕಂಪ್ಯೂಟರು.

ಕಂಪ್ಯೂಟರೆಂದರೆ ನೀವು ಈಗ ಮನಸ್ಸಿಗೆ ತಂದುಕೊಂಡಿರಲ್ಲ, ಅದಲ್ಲ. ದಪ್ಪನೆಯ ಒಂದು ಕೀಬೋರ್ಡು, ಇರುವುದೆಲ್ಲ ಅದರ ಹೊಟ್ಟೆಯೊಳಗೇ. ಒಂದು ವೈರು ಟಿವಿಗೆ, ಇನ್ನೊಂದು ಟೇಪ್‌ರೆಕಾರ್ಡರಿಗೆ. ಪ್ರೋಗ್ರಾಮು ಕ್ಯಾಸೆಟ್ಟಿನಲ್ಲಿರುತ್ತದೆ. ಕ್ಯಾಸೆಟ್ಟು ಹಾಕಿದರೆ ಐದು ನಿಮಿಷ ಕೀಂ ಎಂದು ಕಿರುಚಿ, ಆಮೇಲೆ ಕೆಲಸಕ್ಕೆ ಬರುತ್ತದೆ. ಗಂಟಿನಲ್ಲಿ ಒಂದು ಕ್ಯಾಸೆಟ್ಟೂ ಒಂದು ನೋಟ್‌ಬುಕ್ಕೂ ಇದ್ದವು. ಕ್ಯಾಸೆಟ್ಟಿನ ಮೇಲೆ ನನ್ನದೇ ಅಕ್ಷರದಲ್ಲಿ ‘ಪಾಲಯ್ಯ, ತೂಕ’ ಎಂದು ಬರೆದಿತ್ತು. ನಾನು ಏಣಿಯ ಮೇಲೇ ಕೂತುಬಿಟ್ಟೆ.

ಮೊದಲೇ ಹೇಳಿಬಿಡುತ್ತೇನೆ, ನನ್ನನ್ನು ಒಳ್ಳೆಯವನೆಂದು ತಿಳಿದುಕೊಂಡು ನೀವು ಮುಂದೆ ಓದುವುದು ಬೇಡ. ಪಾಲಯ್ಯ ನಮ್ಮ ಮಿಲ್ಲಿನ ಹಮಾಲಿ. ಮೂವತ್ತೆರಡು ವಾರ ಅವನು ನನ್ನ ಕಣ್ಣೆದುರಿಗೇ ಸಾಯುತ್ತಿದ್ದ. ಪ್ರತಿ ವಾರ ಎಷ್ಟು ಕರಗಿದನೆಂದು ನೂರು ಗ್ರಾಮಿನ ತನಕ ನನಗೆ ಗೊತ್ತಿತ್ತು. ಮುಂದಿನ ವಾರ ಎಷ್ಟು ಕರಗುತ್ತಾನೆಂಬುದೂ ಗೊತ್ತಿತ್ತು. ಆ ಲೆಕ್ಕ ಸರಿ ಬಂದಾಗಲೆಲ್ಲ ನಾನು ಖುಷಿಪಟ್ಟೆ.

ಇದು ಹನ್ನೆರಡು ವರ್ಷದ ಹಿಂದಿನ ಮಾತು. ಆಗಲೇ ಎಲ್ಲರ ಜೇಬಿಗೂ ಮೊಬೈಲು ಬಂದಿತ್ತು. ನಮ್ಮ ಸಾವ್ಕಾರರು ಯಾವುದೋ ಕಾಲದಲ್ಲಿ ಆಸೆಯಿಂದ ತಂದು, ಬಳಸಲು ಬಾರದೆ ಗೋಡೌನಿನಲ್ಲಿ ಹಿಂಡಿ ಚೀಲಗಳ ಮಧ್ಯೆ ಬಿಸಾಕಿದ್ದ ಆ ಯಂತ್ರವನ್ನು ಬೇಡಿ ಮನೆಗೆ ತಂದೆ. ಕಾಲೇಜಿನಲ್ಲಿ ಎರಡು ವರ್ಷ ಸಂಖ್ಯಾಶಾಸ್ತ್ರ ಓದಿ ಅರ್ಧಕ್ಕೆ ಬಿಟ್ಟವನು ನಾನು. ಅರ್ಧ ಓದಿದವನ ಚಪಲ ಪೂರ್ತಿ ಓದಿದವನಿಗೆ ಇರುವುದಿಲ್ಲ. ಹಳೆಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗಿನ ಪ್ರೋಗ್ರಾಮು ಬರೆದೆ. ಭಾನುವಾರ ಮಧ್ಯಾಹ್ನವೆಲ್ಲ ಟಿವಿ ನನ್ನ ವಶ. ಹೆಂಡತಿ ಬೈದುಕೊಂಡು ಪಕ್ಕದ ಮನೆಗೆ ಹೋಗಿ ಸೀರಿಯಲ್ಲು ನೋಡುತ್ತಿದ್ದಳು.

ಹೆಸರು ಕೇಳಿ ಹೆದರಬೇಡಿ, ವಿಷಯ ಸಣ್ಣದು. ನಮ್ಮವ್ವ ಸಾರು ಮಾಡುತ್ತಿದ್ದದ್ದು ಹಾಗೆಯೇ. ನಿನ್ನೆ ಉಳಿದ ಸಾರಿಗೆ ಇವತ್ತು ಒಂದು ಸೌಟು ಹೊಸದನ್ನು ಬೆರೆಸಿ ಕುದಿಸುವುದು, ನಾಳೆ ಅದಕ್ಕೆ ಇನ್ನೊಂದು ಸೌಟು. ಹೊಸದನ್ನು ಪೂರ್ತಿ ನಂಬುವುದಿಲ್ಲ, ಹಳೆಯದನ್ನು ಪೂರ್ತಿ ಚೆಲ್ಲುವುದಿಲ್ಲ. ಹೀಗೆ ಬೆರೆತು ಬಂದ ಅಂಕಿಯೇ ಮುಂದಿನ ವಾರದ ಅಂದಾಜು. ಸೌಟು ಎಷ್ಟು ದೊಡ್ಡದಿರಬೇಕೆಂದು ನೀವೇ ಹೇಳಬೇಕು, ಅದಕ್ಕೆ ಆಲ್ಫಾ ಎನ್ನುತ್ತಾರೆ. ಸೌಟು ಚಿಕ್ಕದಾದರೆ ಬಹಳ ದಿನ ಹಳೆಯ ಸಾರಿನ ರುಚಿಯೇ ಬರುತ್ತಿರುತ್ತದೆ.

ಮಿಲ್ಲಿಗೆ ವಾರಕ್ಕೆ ಎಷ್ಟು ಚೀಲ ಶೇಂಗಾ ಬರುತ್ತದೆಂದು ಮೊದಲೇ ಹೇಳಿ ಸಾವ್ಕಾರರಿಂದ ಭೇಷ್ ಅನ್ನಿಸಿಕೊಳ್ಳಬೇಕೆಂದು ನನ್ನ ಹಂಚಿಕೆ. ನಾನು ಇನ್ನೂರು ಎಂದ ವಾರ ಅರವತ್ತು ಬಂದವು, ಎಂಬತ್ತು ಎಂದ ವಾರ ಚೀಲ ಇಳಿಸಲು ಜಾಗ ಸಾಲಲಿಲ್ಲ. ಸಾವ್ಕಾರರು, ‘ಏನ್ರೀ ರೈಟ್ರೇ, ನಿಮ್ಮ ಮಿಷನ್ನು ಹೇಳಿದ್ದನ್ನ ತಿರುಗಿಸಿ ನೋಡಿದ್ರೆ ಸರಿ ಹೋಗ್ತದೇನೋ’ ಎಂದರು. ಅವಮಾನವಾಯಿತು. ಇಷ್ಟು ಕುಣಿಯದ, ಸೌಮ್ಯವಾದ ಅಂಕಿಗಳು ಎಲ್ಲಿ ಸಿಗುತ್ತವೆಂದು ಹುಡುಕುತ್ತಿದ್ದಾಗ ನೆನಪಾದವನು ಪಾಲಯ್ಯ.

ಕಾರಣ ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಮೊದಲ ಚೀಲ ಇಡುವ ಮುಂಚೆ ಕಾಟಾ ಸರಿಯಾಗಿ ತೂಗುತ್ತಿದೆಯೇ ಎಂದು ನೋಡಬೇಕು. ಅದಕ್ಕೆಂದೇ ಕಬ್ಬಿಣದ ತೂಕದ ಕಲ್ಲುಗಳಿದ್ದವು. ಹಿಂದಿನ ಕೋಣೆಯಿಂದ ಅವನ್ನು ಹೊತ್ತು ತರುವವರು ಯಾರು? ಪಾಲಯ್ಯನಾದರೆ ತಾನೇ ನಡೆದು ಬಂದು ನಿಲ್ಲುತ್ತಿದ್ದ. ಅವನ ತೂಕ ಅರವತ್ತೆರಡು ಕಿಲೋ. ಹಬ್ಬ ಬರಲಿ, ಬೇಸಿಗೆ ಬರಲಿ, ನಾಲ್ಕು ವರ್ಷದಿಂದ ಅರವತ್ತೆರಡೇ. ಅವನು ಮೊಳಕಾಲ್ಮೂರು ಕಡೆಯ ಸಿದ್ದಾಪುರದವನು, ಮನೆಯಲ್ಲಿ ತೆಲುಗು ಕನ್ನಡ ಎರಡೂ ಆಡುವವರು, ಎಣಿಕೆ ಮಾತ್ರ ಯಾವಾಗಲೂ ತೆಲುಗಿನಲ್ಲಿ. ಕಾಟಾದ ಮೇಲೆ ನಿಂತು, ಕೆಂಪು ಅಂಕಿ ನೋಡಿ, ‘ಅರವೈ ರೆಂಡು. ನಡೀರಿ, ಕಾಟಾ ಸರಿ ಐತೆ’ ಎನ್ನುತ್ತಿದ್ದ. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಸಹಿ ಹಾಕುತ್ತಿದ್ದೆ. ಮನುಷ್ಯನೊಬ್ಬನನ್ನು ಹೀಗೆ ಅಳತೆಗೋಲು ಮಾಡಿಕೊಂಡಿದ್ದೇವಲ್ಲ ಎಂದು ನಮಗ್ಯಾರಿಗೂ ಅನ್ನಿಸಲಿಲ್ಲ. ಅವನಿಗಂತೂ ಅದು ದೊಡ್ಡ ಗೌರವ.

ಹೀಗಿರುವಾಗ ಒಂದು ಸೋಮವಾರ ಅರವತ್ತೊಂದು ಪಾಯಿಂಟ್ ಎಂಟು ಬಂತು. ಮುಂದಿನ ವಾರ ಅರವತ್ತೊಂದು ಪಾಯಿಂಟ್ ಆರು. ನಾವು ಏನು ಮಾಡಿದೆವು ಹೇಳಿ ನೋಡೋಣ. ಕಾಟಾ ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸಿದೆವು. ಅವನು ಕಬ್ಬಿಣದ ಕಲ್ಲುಗಳನ್ನು ತರಿಸಿ, ಒಂದೊಂದಾಗಿ ಇಟ್ಟು ನೋಡಿ, ಕೈ ಒರೆಸಿಕೊಳ್ಳುತ್ತಾ, ‘ಕಾಟಾ ಕೆಟ್ಟಿಲ್ರೀ, ನಿಮ್ಮ ಮನುಷ್ಯ ಕೆಟ್ಟವ್ನೆ’ ಎಂದ. ಎಲ್ಲರೂ ನಕ್ಕೆವು. ಪಾಲಯ್ಯ ಎಲ್ಲರಿಗಿಂತ ಜೋರಾಗಿ ನಕ್ಕು, ನಗು ಕೆಮ್ಮಿಗೆ ತಿರುಗಿ, ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡ. ಕೆಮ್ಮು ನಮಗೆಲ್ಲ ಇತ್ತು. ಶೇಂಗಾ ಹೊಟ್ಟಿನ ದೂಳಿನಲ್ಲಿ ದಿನಪೂರ್ತಿ ನಿಂತವರು ಕೆಮ್ಮದೆ ಇರುತ್ತಾರೆಯೇ.

ಆ ಭಾನುವಾರ ಪಾಲಯ್ಯನ ಅಂಕಿಗಳನ್ನು ಯಂತ್ರಕ್ಕೆ ಹಾಕಿದೆ. ಸೌಟು ಚಿಕ್ಕದಿಟ್ಟೆ, ಹತ್ತರಲ್ಲೊಂದು ಪಾಲು. ಎಂಟನೆಯ ವಾರ ಕಾಟಾ ಅರವತ್ತು ಪಾಯಿಂಟ್ ನಾಲ್ಕು ತೋರಿಸುತ್ತಿದ್ದರೆ ನನ್ನ ಟಿವಿ ಇನ್ನೂ ಅರವತ್ತೊಂದೂವರೆ ಎನ್ನುತ್ತಿತ್ತು. ನಾನು ಟಿವಿಯನ್ನೇ ನಂಬಿದೆ. ಒಂದು ವಾರ ಊಟ ಬಿಟ್ಟಿರಬೇಕು, ಇನ್ನೊಂದು ವಾರ ಜ್ವರ ಬಂದಿರಬೇಕು, ಬಿಡು, ಮತ್ತೆ ಮೇಲೆ ಬರುತ್ತಾನೆ ಎಂದುಕೊಂಡೆ. ಅವನು ಮೇಲೆ ಬರಲಿಲ್ಲ, ನನ್ನ ಲೆಕ್ಕ ವಾರವಾರ ತಪ್ಪುತ್ತಾ ಹೋಯಿತು. ನನ್ನನ್ನು ಕಾಡಿದ್ದು ಆ ತಪ್ಪು. ಅವನ ಕತ್ತಿನ ಎಲುಬು ಎದ್ದು ಕಾಣುತ್ತಿತ್ತಲ್ಲ, ಅದು ಕಾಡಲಿಲ್ಲ.

ಪುಸ್ತಕದಲ್ಲಿ ಮುಂದಿನ ಅಧ್ಯಾಯ ತೆಗೆದೆ. ಅಂಕಿಗಳು ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಆ ಜಾರುವಿಕೆಯನ್ನೂ ಲೆಕ್ಕಕ್ಕೆ ಸೇರಿಸಬೇಕಂತೆ. ಸೇರಿಸಿದೆ. ಅಲ್ಲಿಂದ ಮುಂದೆ ನೋಡಿ, ಯಂತ್ರ ಹೇಳಿದ್ದು ಹೇಳಿದ ಹಾಗೆ. ಐವತ್ತೇಳು ಪಾಯಿಂಟ್ ಮೂರು ಎಂದರೆ ಐವತ್ತೇಳು ಪಾಯಿಂಟ್ ಎರಡು ಬರುತ್ತಿತ್ತು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶನಿವಾರ ಸಂಜೆ ಬಂದರೆ ಪಾಲಯ್ಯನೇ, ‘ರೈಟ್ರೇ, ಮುಂದಿನ ವಾರ ಎಷ್ಟಾಗ್ತೀನ್ರಿ?’ ಎಂದು ಕೇಳುತ್ತಿದ್ದ. ಹಮಾಲಿಗಳಲ್ಲಿ ಚಹಾದ ಪಂಥ ಶುರುವಾಯಿತು. ಯಂತ್ರ ಸೋಲುತ್ತದೆಂದು ಪಂಥ ಕಟ್ಟುತ್ತಿದ್ದವನು ಪಾಲಯ್ಯ ಒಬ್ಬನೇ.

ಒಂದು ಸೋಮವಾರ ಬಂದವನೇ, ‘ಈ ವಾರ ನಿಮ್ಮ ಮಿಷನ್ನಿಗೆ ಮಣ್ಣು ಮುಕ್ಕಿಸ್ತೀನಿ. ದಿನಕ್ಕೊಂದು ಮುದ್ದೆ ಜಾಸ್ತಿ ತಿಂದೀನಿ. ಸೇರ್ದೇ ಇದ್ರೂ ನೀರು ಕುಡ್ದು ನುಂಗೀನಿ’ ಎಂದು ಕಾಟಾ ಹತ್ತಿದ. ಯಂತ್ರ ಹೇಳಿದ್ದಕ್ಕಿಂತಲೂ ನೂರು ಗ್ರಾಮು ಕಡಿಮೆ ಬಂತು. ‘ಲೇ ಪಾಲಯ್ಯ, ಮುದ್ದೆ ನೀನು ತಿಂದ್ಯೋ, ನಾಯಿಗೆ ಹಾಕಿದ್ಯೋ?’ ಎಂದೆ ನಾನು. ಅವನು ಅಂಕಿಯನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದು ಇಳಿದ. ಆಮೇಲೆ ಎಲ್ಲರಿಗೂ ಚಹಾ ಕುಡಿಸಿದ. ಆ ನೋಟವನ್ನು ನಾನು ಕಂಡಿದ್ದೆ. ಕಂಡಿಲ್ಲವೆಂದು ಹೇಳುವಷ್ಟು ಸುಳ್ಳುಗಾರ ನಾನಲ್ಲ.

ಮೂವತ್ತೆರಡನೆಯ ವಾರಕ್ಕೆ ಯಂತ್ರ ಹೇಳಿದ್ದು ನಲವತ್ತೊಂಬತ್ತು ಪಾಯಿಂಟ್ ಆರು. ಪಾಲಯ್ಯ ನಿಂತ. ಕೆಂಪು ಅಂಕಿ ಸ್ವಲ್ಪ ಕುಣಿದು ನಿಂತಿತು, ನಲವತ್ತೊಂಬತ್ತು ಪಾಯಿಂಟ್ ಆರು. ಗ್ರಾಮಿನಷ್ಟೂ ಹೆಚ್ಚುಕಡಿಮೆಯಿಲ್ಲ. ನಾನು ಕುರ್ಚಿಯಿಂದ ಎದ್ದು, ಚಪ್ಪಾಳೆ ತಟ್ಟಿ, ಬಾಯ್ತುಂಬ ನಕ್ಕೆ. ಪಾಲಯ್ಯ ಮೆಲ್ಲಗೆ, ‘ನಲಭೈ ತೊಮ್ಮಿದಿ’ ಎಂದ. ಹಾಗೆಯೇ ಕಾಟಾದ ಮೇಲೆ ಕುಕ್ಕರಗಾಲಲ್ಲಿ ಕೂತ. ಕೆಮ್ಮಿದ. ಬಾಯಿಗೆ ಒತ್ತಿಕೊಂಡ ಟವೆಲ್ಲು ಕೆಂಪಾಯಿತು.

ದುರ್ಗದ ಆಸ್ಪತ್ರೆಗೆ ಸೇರಿಸಿದೆವು. ಕ್ಷಯ, ಎರಡು ಶ್ವಾಸಕೋಶವನ್ನೂ ತಿಂದುಹಾಕಿತ್ತು. ತೂಕ ಇಳಿಯಲು ಶುರುವಾಗಿ ಎಷ್ಟು ದಿನವಾಯಿತೆಂದು ಡಾಕ್ಟರಮ್ಮ ಕೇಳಿದರು. ಅವನ ಹೆಂಡತಿ ಬೋರಮ್ಮ, ಮನುಷ್ಯರನ್ನು ಯಾರು ತೂಗ್ತಾರೆ, ಅಮ್ಮಾ ಎಂಬಂತೆ ಅವರ ಮುಖ ನೋಡಿದಳು. ನಾನು ದೊಡ್ಡ ಜಾಣನಂತೆ ನೋಟ್‌ಬುಕ್ಕು ತೆಗೆದುಕೊಟ್ಟೆ. ಡಾಕ್ಟರಮ್ಮ ಪುಟ ತಿರುಗಿಸಿ ಮೇಲಿಂದ ಕೆಳಗಿನವರೆಗೂ ನೋಡಿದರು. ‘ಇಷ್ಟು ಚೆನ್ನಾಗಿ ಬರ್ದಿಟ್ಟಿದೀರಿ. ಐದಾರು ತಿಂಗಳ ಕೆಳಗೆ ಒಂದ್ಸಲ ಕರ್ಕೊಂಡು ಬಂದಿದ್ರೆ ಮಾತ್ರೆಯಲ್ಲೇ ಹೋಗ್ತಿತ್ತಲ್ರೀ’ ಎಂದು ನೋಟ್‌ಬುಕ್ಕನ್ನು ನನ್ನ ಕೈಗೇ ವಾಪಸು ಕೊಟ್ಟರು. ಬೋರಮ್ಮ ಆಗ ಔಷಧಿಯ ಚೀಟಿ ಹಿಡಿದು ಹೊರಗೆ ಹೋಗಿದ್ದಳು, ಆ ಮಾತು ಅವಳ ಕಿವಿಗೆ ಬೀಳಲಿಲ್ಲ. ಹದಿನೇಳನೆಯ ದಿನ ಪಾಲಯ್ಯ ತೀರಿಕೊಂಡ. ಮಣ್ಣಿಗೆಂದು ಸಿದ್ದಾಪುರಕ್ಕೆ ಹೋದ ನಾನು ದೂರದ ಬಂಡೆಯ ಹತ್ತಿರ ನಿಂತಿದ್ದು, ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದುಬಿಟ್ಟೆ.

ಅದಾದ ಮೇಲಿನ ಭಾನುವಾರ ಯಾಕೋ ಯಂತ್ರ ಹಚ್ಚಿದೆ. ಈ ವಾರದ ತೂಕ ಎಷ್ಟೆಂದು ಅದು ಕೇಳಿತು. ನಾನು ಏನೂ ಹಾಕದೆ ಬರೀ ಗುಂಡಿ ಒತ್ತಿದೆ. ತೂಕ ಕೊಡದಿದ್ದರೆ ಅದು ತನ್ನ ಅಂದಾಜನ್ನೇ ಹಿಡಿದು ಮುಂದಕ್ಕೆ ಹೋಗುತ್ತದೆ. ನಲವತ್ತೊಂಬತ್ತು ಪಾಯಿಂಟ್ ಒಂದು, ನಲವತ್ತೆಂಟು ಪಾಯಿಂಟ್ ಆರು. ಒತ್ತುತ್ತಲೇ ಹೋದೆ. ಮೂವತ್ತು ಕಿಲೋ ಪಾಲಯ್ಯ, ಹನ್ನೆರಡು ಕಿಲೋ ಪಾಲಯ್ಯ, ಅಲ್ಲಿಂದ ತೊಂಬತ್ತೊಂಬತ್ತನೆಯ ವಾರಕ್ಕೆ ನೂರು ಗ್ರಾಮಿನ ಪಾಲಯ್ಯ. ನೂರನೆಯ ವಾರ ಅದು ಸೊನ್ನೆ ದಾಟಿ ಕೆಳಗಿಳಿಯಿತು, ಒಂದು ಸಲವೂ ಅನುಮಾನಪಡಲಿಲ್ಲ. ತಾನು ತೂಗುತ್ತಿರುವುದು ಏನೆಂದು ಅದಕ್ಕೆ ಗೊತ್ತಿರಲಿಲ್ಲ. ಅದಕ್ಕಾದರೂ ಒಂದು ನೆಪವಿದೆ. ವೈರು ಕಿತ್ತು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದೆ. ಸಿದ್ದಾಪುರದ ಕಡೆ ಮತ್ತೆ ತಲೆ ಹಾಕಲಿಲ್ಲ.

ಮೊನ್ನೆ ಏಣಿಯಿಂದ ಇಳಿದವನು ಮರುದಿನ ಬೆಳಿಗ್ಗೆಯೇ ನೋಟ್‌ಬುಕ್ಕು ಹಿಡಿದು ಮೊಳಕಾಲ್ಮೂರಿನ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಸಿದ್ದಾಪುರಕ್ಕೆ ಹೋದೆ. ಬೋರಮ್ಮ ಮನೆಯ ಮುಂದೆ ಬಿತ್ತನೆಗೆ ಶೇಂಗಾ ಸುಲಿಯುತ್ತಾ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು, ‘ಬರ್ರಿ ಅಣ್ಣ, ಕೂತ್ಕಳ್ರಿ’ ಎಂದು ಗೋಣಿ ಹಾಸಿದಳು. ನಾನು ಕೂರುವ ಮೊದಲೇ ಹೇಳಿಬಿಟ್ಟೆ: ‘ಅವ್ನು ಇಳೀತಾ ಇದ್ದದ್ದು ನಂಗೆ ವಾರವಾರ ಗೊತ್ತಿತ್ತು ಬೋರಮ್ಮ. ಒಂದ್ಸಲನೂ ಆಸ್ಪತ್ರೆಗೆ ಹೋಗು ಅನ್ಲಿಲ್ಲ. ಮೊದ್ಲೇ ಹೋಗಿದ್ರೆ ಉಳೀತಿದ್ದ ಅಂತ ಡಾಕ್ಟ್ರು ಹೇಳಿದ್ರು.’

ಬೋರಮ್ಮನ ಕೈ ನಿಂತಿತು. ‘ಬರ್ದಿದ್ದು ಐತಾ? ಓದ್ರಿ, ಕೇಳ್ತೀನಿ’ ಎಂದಳು.

ಓದಿದೆ. ಐವತ್ತೊಂಬತ್ತು ಪಾಯಿಂಟ್ ಐದಕ್ಕೆ ಅವಳು, ‘ಆ ವಾರ ನಮ್ಮ ಹುಡುಗಿ ಮೈನೆರೆದಿದ್ಲು, ಊಟ ಬಿಟ್ಟು ಓಡಾಡಿದ್ರು’ ಎಂದಳು. ಐವತ್ತಾರಕ್ಕೆ, ‘ಆಗ ಉಡುದಾರ ಸಡ್ಲ ಆಗೈತೆ ಅಂತ ಗಂಟು ಹಾಕ್ಕೊಟ್ಟಿದ್ದೆ.’ ಕೊನೆಯ ಅಂಕಿ ಓದಿ ನಾನು ಪುಸ್ತಕ ಮುಚ್ಚಿದೆ.

‘ಕೆಮ್ಮು ಜಾಸ್ತಿ ಐತೆ, ಮೊಳಕಾಲ್ಮೂರಾಗೆ ತೋರ್ಸ್ಕೊಂಡು ಬರ್ರಿ ಅಂತ ಬಡ್ಕೊಂತಿದ್ದೆ ಅಣ್ಣ’ ಎಂದಳು ಬೋರಮ್ಮ. ‘ಕೇಳ್ತಿರ್ಲಿಲ್ಲ. ಸುಮ್ನಿರೇ, ರೈಟ್ರು ವಾರವಾರ ನನ್ನ ತೂಕ ಬರ್ಕೊಂತವ್ರೆ, ಮಿಷನ್ನಿಗೆ ಹಾಕಿ ನೋಡ್ತವ್ರೆ, ಏನಾರ ಇದ್ದಿದ್ರೆ ಅವ್ರು ಹೇಳ್ತಿರ್ಲಿಲ್ವಾ ಅಂತಿದ್ರು.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮತ್ತೆ ಶೇಂಗಾ ಸುಲಿಯತೊಡಗಿದಳು. ಬಿಡಿಸಿದ ನಾಲ್ಕು ಬೀಜಗಳನ್ನು ನನ್ನ ಕೈಗೆ ಹಾಕಿದಳು, ಬಂದವರಿಗೆ ಏನಾದರೂ ಕೊಡಬೇಕಲ್ಲ ಎಂದು. ಅವನ್ನು ತಿನ್ನಲೂ ಆಗದೆ ಎಸೆಯಲೂ ಆಗದೆ ಮುಷ್ಟಿಯಲ್ಲೇ ಹಿಡಿದುಕೊಂಡು ಚಳ್ಳಕೆರೆಯವರೆಗೆ ಬಂದೆ.

ಮನೆಯಲ್ಲಿ ವಿಷಯ ಕೇಳಿ ಹೆಂಡತಿ, ‘ಬೈದ್ಲಾ?’ ಎಂದಳು. ಇಲ್ಲ ಎಂದೆ. ಬೈದಿದ್ದರೆ ಆ ರಾತ್ರಿ ಹೊಟ್ಟೆಗೆ ಊಟ ಸೇರುತ್ತಿತ್ತು. ಗಂಟನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ, ಯಂತ್ರಕ್ಕೆ ವೈರು ಚುಚ್ಚಲೂ ಇಲ್ಲ. ನೋಟ್‌ಬುಕ್ಕು ತೆಗೆದುಕೊಂಡು ಕೂತೆ. ಬೋರಮ್ಮ ಹೇಳಿದ್ದನ್ನೆಲ್ಲ ಆಯಾ ಅಂಕಿಯ ಪಕ್ಕದಲ್ಲಿ ಬರೆದೆ. ಮಗಳು ಮೈನೆರೆದದ್ದು, ಉಡುದಾರಕ್ಕೆ ಗಂಟು ಹಾಕಿದ್ದು. ನನಗೆ ನೆನಪಿದ್ದದ್ದನ್ನೂ ಬರೆದೆ, ದಿನಕ್ಕೊಂದು ಮುದ್ದೆ ಜಾಸ್ತಿ ತಿಂದು ಬಂದದ್ದು, ಅಂಕಿಯನ್ನು ನೋಡುತ್ತಾ ನಿಂತದ್ದು. ಎಲ್ಲಕ್ಕಿಂತ ಕೆಳಗೆ ನಲವತ್ತೊಂಬತ್ತು ಪಾಯಿಂಟ್ ಆರು ಉಳಿದಿತ್ತು. ಅದರ ಪಕ್ಕ ಬರೆದೆ: ಈ ದಿನ ನಾನು ಚಪ್ಪಾಳೆ ತಟ್ಟಿ ನಕ್ಕೆ.