ಯಾರೂ ಬೇಡವೆನ್ನುವವರ ಮೂಲೆ

ಆರ್ಡಿಸ್ ಕ್ವಾಲಿ ಅಮೆರಿಕದ ಅಯೋವಾದ ಹಿಮದಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಬಿರುಗಾಳಿಗಾಗಲಿ ಆರನೇ ತರಗತಿಯ ಹುಡುಗರಿಗಾಗಲಿ ಹೆದರದ ಆ ವೀರವನಿತೆಗೆ ಈಚೆಗೆ ಒಂದೇ ಭಯ: ತನ್ನ ಪಕ್ಷ ದೇಶದ ಅಧ್ಯಕ್ಷ ಪದವಿಗೆ ಹಾಲ್ಡೇನ್‌ನನ್ನು ನಿಲ್ಲಿಸಿಬಿಟ್ಟರೆ? ಪಕ್ಷ ಅದನ್ನೇ ಮಾಡಲು ಹೊರಟಿತ್ತು.

ಹಾಲ್ಡೇನ್ ಕೆಟ್ಟವನೇನಲ್ಲ. ಆ ಚಳಿಗಾಲದಲ್ಲಿ ಊರಿಗೆ ಮೂರು ಸಲ ಬಂದ. ಕೌಂಟಿ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಿದೆ, ನೋವು ಶುರುವಾದವರು ಹಿಮದಲ್ಲಿ ಪಕ್ಕದ ಕೌಂಟಿಗೆ ಓಡಬೇಕು, ಏನು ಮಾಡುತ್ತೀರಿ ಎಂದು ಆರ್ಡಿಸ್ ಪ್ರತಿ ಸಲವೂ ಎದ್ದು ನಿಂತು ಕೇಳಿದಳು. ಪ್ರತಿ ಸಲವೂ ಅವನು ಅವಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು, ಹೆಸರು ತಪ್ಪಿ ಆರ್ಲೀನ್ ಎಂದು ಕರೆದು, ತನ್ನ ಅಜ್ಜಿ ಹಸು ಸಾಕಿ ಸಂಸಾರ ನಡೆಸಿದ ಕತೆ ಹೇಳಿದ. ಸಭೆ ಕಣ್ಣೊರೆಸಿಕೊಂಡಿತು. ಮೂರನೆಯ ಸಲಕ್ಕೆ ಅಜ್ಜಿಗೆ ಇನ್ನೊಂದು ಹಸುವೂ ಬಂದಿತ್ತು.

ಸಾಲದ್ದಕ್ಕೆ, ಊರಿನ ಹಾಲ್ಡೇನ್ ಸೇನೆಗೆ ದಂಡನಾಯಕ ಆಕೆಯ ಗಂಡ ಮರ್ಲಿನ್.

ಅಲ್ಲಿ ಪಕ್ಷದವರು ಅಭ್ಯರ್ಥಿಯನ್ನು ಗುಟ್ಟಿನ ಚೀಟಿಯಲ್ಲಿ ಆರಿಸುವುದಿಲ್ಲ. ಸಂಜೆ ಶಾಲೆಯ ಆಟದ ಹಾಲ್‌ನಲ್ಲಿ ಸೇರಿ, ನೆರೆಹೊರೆಯ ಕಣ್ಣೆದುರೇ ನಡೆದುಹೋಗಿ ತಮ್ಮವನ ಮೂಲೆಯಲ್ಲಿ ನಿಲ್ಲಬೇಕು. ಸಾಕಷ್ಟು ತಲೆಗಳಿಲ್ಲದ ಗುಂಪು ಚದುರಿ ಬೇರೆ ಮೂಲೆ ಸೇರಬೇಕು. ಯಾರೂ ಬೇಡವೆನ್ನುವವರಿಗೂ ಒಂದು ಮೂಲೆಯುಂಟು. ಆರ್ಡಿಸ್ ಗಂಡನ ಮುಂದೆಯೇ ಹಾದು ಅಲ್ಲಿಗೆ ಹೋದಳು. ಹಿಂದೆ ಇನ್ನಷ್ಟು ಜನ ಬಂದರು. ಅಧ್ಯಕ್ಷತೆ ವಹಿಸಿದ್ದ ಲೋವೆಲ್ ಬ್ರೆಕಿ ಎಣಿಸಿ, ಒಂದು ತಲೆ ಕಡಿಮೆ ಎಂದು ಸಾರಿದ. ಸ್ವಲ್ಪ ಹೊತ್ತಿಗೆ ಮತ್ತೆ ಎಣಿಕೆ. ಅಷ್ಟರಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ಒಲಿಸಿಕೊಳ್ಳಬಹುದು.

ದಾಳಿ ಶುರುವಾಯಿತು. ಪಾದ್ರಿಯ ಹೆಂಡತಿ ಬಂದು, ಹಾಲ್ಡೇನ್ ಎಷ್ಟು ಎತ್ತರ ಇದ್ದಾನೆ ನೋಡು ಎಂದಳು. ದಂತವೈದ್ಯ ಹಲ್ಲುಗಳನ್ನು ಹೊಗಳಿದ. ಎರಡನ್ನೂ ಆರ್ಡಿಸ್ ಒಪ್ಪಿಕೊಂಡು ಅಲ್ಲೇ ನಿಂತಳು. ಕೊನೆಗೆ ದಂಡನಾಯಕನೇ ಇಳಿದುಬಂದ.

"ಮನೇಲಿ ಎದುರಾಡೋದು ಸಾಲ್ದೇನೇ? ಇಲ್ಲೂ ಎದುರಿಗೇ ನಿಲ್ಬೇಕಾ?"

"ನಿಮ್ಮೋರ ಮೂಲೇಲಿ ಸೆಖೆ. ಇಲ್ಲಿ ಗಾಳಿ ಆಡುತ್ತೆ."

"ಹೆಂಗಿದ್ರೂ ಅವನೇ ಗೆಲ್ಲೋದು ಕಣೇ."

"ಗೆಲ್ಲೋನಿಗೆ ನಾನ್ಯಾಕೆ ಬೇಕು?" ಆರ್ಡಿಸ್ ಗಂಡನ ಕೋಟಿನ ಮೇಲಿದ್ದ ಹಾಲ್ಡೇನ್ ಬಿಲ್ಲೆಯನ್ನು ನೇರ ಮಾಡಿದಳು. "ಒಂದು ಕೇಳ್ತೀನಿ, ಹೇಳ್ಬಿಡು, ನಿನ್ನ ಹಿಂದೇನೇ ಬರ್ತೀನಿ. ಹೆರಿಗೆ ವಾರ್ಡಿನ ಬಗ್ಗೆ ಅವನು ಒಂದೇ ಒಂದು ಮಾತು ಆಡಿದಾನಾ?"

ಮರ್ಲಿನ್ ಬದುಕಿಡೀ ಮೆಕ್ಕೆಜೋಳದ ಗೋದಾಮಿನಲ್ಲಿ ತೂಕ ನೋಡಿದವನು. ಇಲ್ಲದ್ದನ್ನು ಇದೆ ಎನ್ನುವ ವಿದ್ಯೆ ಅವನಿಗೆ ಹತ್ತಿರಲಿಲ್ಲ. ಮೊದಲ ಭಾಷಣವನ್ನು ನೆನೆಸಿಕೊಂಡ, ಹಸು ಬಂತು. ಎರಡನೆಯದನ್ನು ನೆನೆಸಿಕೊಂಡ, ಅದೇ ಹಸು. ಮೂರನೆಯದರಲ್ಲಿ ಹುಡುಕುತ್ತಿರುವಾಗ ಲೋವೆಲ್ ಹೆಗಲು ಮುಟ್ಟಿ ಮುಟ್ಟಿ ಎಣಿಸುತ್ತ ಬಂದು, ಅವನ ಹೆಗಲನ್ನೂ ಮುಟ್ಟಿ ಮುಂದೆ ಹೋದ. ಕಡಿಮೆಯಿದ್ದ ಒಂದು ತಲೆ ಸಿಕ್ಕಿ ಗುಂಪು ಭರ್ತಿಯಾಯಿತು.

ಹಾಲ್ಡೇನ್ ಮೂಲೆಯಲ್ಲಿ ಗದ್ದಲವೆದ್ದಿತು. ಲೋವೆಲ್ ತಿರುಗಿ ನೋಡಿದ.

"ಮರ್ಲಿನ್, ಅಪ್ಪಿತಪ್ಪಿ ನಿಂತಿದ್ರೆ ಹೇಳಪ್ಪಾ. ಎಣಿಕೆಯಿಂದ ತೆಗೆದುಬಿಡ್ತೀನಿ."

ಆರ್ಡಿಸ್ ಗಂಡನತ್ತ ನೋಡಲಿಲ್ಲ.

"ತಡಿ ಲೋವೆಲ್," ಎಂದ ಮರ್ಲಿನ್. "ಇನ್ನೂ ಯೋಚಿಸ್ತಾ ಇದೀನಿ."

ದಂಡನಾಯಕನಿಲ್ಲದೆಯೂ ಹಾಲ್ಡೇನ್ ಭರ್ಜರಿಯಾಗಿ ಗೆದ್ದ. ಯಾರೂ ಬೇಡವೆನ್ನುವವರಿಗೆ ಪಕ್ಷದ ಮುಂದಿನ ಹಂತದ ಕೌಂಟಿ ಸಭೆಗೆ ಒಬ್ಬ ಪ್ರತಿನಿಧಿಯನ್ನು ಕಳಿಸುವ ಹಕ್ಕು ಸಿಕ್ಕಿತು. ಆರ್ಡಿಸ್ ಆಗಲಿ ಎನ್ನುವವರು ಕೈ ಎತ್ತಿ ಎಂದಾಗ ಮರ್ಲಿನ್ ಅರ್ಧ ಎತ್ತಿದ. ಲೋವೆಲ್ ಅದನ್ನು ಪೂರ್ತಿ ಎಂದೇ ಎಣಿಸಿದ.