ಕಾಕಾ ಹೊತ್ತುಕೊಂಡ ಮಾತು

ನೆಲಕ್ಕೆ ಹಾಸಿದ, ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ಒಂದು ಕೊಡ ನೀರು ಸುರಿದಾಗ ಏಳುವ ವಾಸನೆ ಮಣ್ಣಿನ ವಾಸನೆಯಂಥದ್ದಲ್ಲ. ಅದರಲ್ಲಿ ಸುಣ್ಣದ ಒಗರಿರುತ್ತದೆ, ಹಳೆಯ ಬಾವಿಯ ತಂಪಿರುತ್ತದೆ. ನಾನೀಗ ಇರುವ ಚಂದಾಪುರದ ಈ ಮನೆಯ ಅಂಗಳಕ್ಕೆ ಬೇಸಿಗೆಯ ಸಂಜೆ ನೀರು ಹಾಕುವಾಗಲೆಲ್ಲ ಆ ವಾಸನೆ ನನ್ನನ್ನು ಶಹಾಬಾದಿನ ಗಣಿಯ ಓಣಿಗೆ ಕರೆದೊಯ್ದುಬಿಡುತ್ತದೆ. ಅಲ್ಲಿನ ನಮ್ಮ ಮನೆಯ ಗೋಡೆ, ಮಾಡು, ಬಾಗಿಲ ಮುಂದಿನ ಕಟ್ಟೆ ಎಲ್ಲವೂ ಅದೇ ಕಲ್ಲಿನವು. ಅಪ್ಪ ಕಲ್ಲು ನುಣುಪು ಮಾಡುವ ಶೆಡ್ಡಿನಲ್ಲಿ ದುಡಿಯುತ್ತಿದ್ದ. ಸಂಜೆ ಬರುವಾಗ ಅವನ ಹುಬ್ಬು ಬೆಳ್ಳಗಾಗಿರುತ್ತಿತ್ತು. ಅವನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವ್ವ, ನಾನು, ನನಗಿಂತ ಐದು ವರ್ಷ ಚಿಕ್ಕವಳಾದ ತಂಗಿ ರೂತ, ಮತ್ತು ಅಪ್ಪನ ತಮ್ಮ ಯೋಹಾನ ಕಾಕಾ, ಇಷ್ಟು ಜನರ ಉಸಿರಿಗೆ ಆ ಎರಡು ಖೋಲಿಗಳು ಬೆಚ್ಚಗಿರುತ್ತಿದ್ದವು.

ಕಾಕಾ ಗಣಿಯಿಂದ ಶೆಡ್ಡಿಗೆ ಕಲ್ಲು ಸಾಗಿಸುವ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಭಾನುವಾರ ನಮ್ಮ ಸಣ್ಣ ಚರ್ಚಿನಲ್ಲಿ ಅವನೇ ಹಾಡು ಎತ್ತಿಕೊಡಬೇಕು. ಮದುವೆಯಾಗಿರಲಿಲ್ಲ. ರೂತ ಅವನ ಹೆಗಲಿನಿಂದ ಇಳಿಯುತ್ತಲೇ ಇರಲಿಲ್ಲ. ಟ್ರ್ಯಾಕ್ಟರಿನ ಮೇಲೆ ಮಾತ್ರ ಮಗುವನ್ನು ಹತ್ತಿಸಕೂಡದೆಂದು ಅವ್ವ ನಮ್ಮೆಲ್ಲರಿಗೂ ಹೇಳಿಟ್ಟಿದ್ದಳು.

ತೊಗರಿ ರಾಶಿ ಮುಗಿದ ದಿನಗಳು ಅವು. ಒಂದು ಮಧ್ಯಾಹ್ನ ಕಾಕಾ ಮನೆ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ನೀರು ಕುಡಿಯಲು ಒಳಗೆ ಹೋದ. ರೂತ ಗಾಡಿ ಹತ್ತುತ್ತೇನೆಂದು ಒಂದೇ ಸಮನೆ ಅಳತೊಡಗಿದಳು. ಒಂಬತ್ತು ವರ್ಷದ ನನಗೆ ಆ ಅಳು ಬೇಸರ ತರಿಸಿತು. ಕಟ್ಟೆಯ ಮೇಲೆ ನಿಂತು ಅವಳ ಕಂಕುಳಿಗೆ ಕೈಹಾಕಿ ಎತ್ತಿ, ಹಿಂದಿನ ಟ್ರಾಲಿಯ ಕಲ್ಲುಗಳ ಮೇಲೆ ಕೂರಿಸಿದೆ. ಕಾಕಾ ನೋಡುತ್ತಾನೆ, ಇಳಿಸುತ್ತಾನೆ ಎಂದುಕೊಂಡು ಹಿತ್ತಲಿಗೆ ಹೋದೆ. ಹೊರಗೆ ಬಂದ ಕಾಕಾ ಹಿಂದೆ ತಿರುಗಿ ನೋಡದೆ ಗಾಡಿ ಹೊಡೆದ. ಓಣಿಯ ತಿರುವಿನಲ್ಲಿ ಕಲ್ಲು ಜಾರಿದವು, ಅವುಗಳೊಂದಿಗೆ ರೂತಳೂ ಬಿದ್ದಳು. ಅವಳನ್ನು ಎತ್ತಿಕೊಂಡು ಕಾಕಾ ಮನೆಯತ್ತ ಓಡಿ ಬಂದಾಗ ಅವಳಲ್ಲಿ ಜೀವವಿರಲಿಲ್ಲ.

ನಾಲ್ಕು ವರ್ಷದ ಮಗು ಅಷ್ಟು ಎತ್ತರಕ್ಕೆ ತಾನಾಗಿ ಹತ್ತಲಾರದೆಂದು ಎಲ್ಲರಿಗೂ ಗೊತ್ತಿತ್ತು. ಯಾರು ಕೂರಿಸಿದರೆಂದು ಅವ್ವ ಕೇಳಿದಳು. ಕಾಕಾ ನನ್ನ ಕಡೆ ನೋಡಿದ. ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನ ಮುಖದಲ್ಲಿ ಅವನಿಗೆ ಎಲ್ಲವೂ ಕಂಡಿರಬೇಕು. "ನಾನಽ ಕುಂದ್ರಿಸಿದ್ದೆ ವೈನಿ," ಎಂದು ಅತ್ತಿಗೆಗೆ ಹೇಳಿದ. ನಾನು ಬಾಯಿ ಬಿಡಲಿಲ್ಲ. ಅವ್ವ ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಕಣ್ಣ ಮುಂದೆ ಇನ್ನೆಂದೂ ಬರಬೇಡ ಎಂದಷ್ಟೇ ಹೇಳಿದಳು. ರೂತಳ ಮಣ್ಣು ಮುಗಿದ ಮರುದಿನ ಕಾಕಾ ಮನೆ ಬಿಟ್ಟ. ವಾಡಿಯ ಸ್ಟೇಷನ್ ಹತ್ತಿರದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಾನೆಂದು ಆಮೇಲೆ ತಿಳಿಯಿತು. ಅಪ್ಪ ಹೆಂಡತಿಯ ಪರವಾಗಿಯೂ ಮಾತಾಡಲಾರದೆ, ತಮ್ಮನ ಪರವಾಗಿಯೂ ಮಾತಾಡಲಾರದೆ ಮೂಕನಂತಾದ.

ಎರಡು ವರ್ಷ ಹಾಗೇ ಹೋದವು. ದಿನಾ ಸಂಜೆ ಆಯಿ ನಮ್ಮನ್ನೆಲ್ಲ ಕೂರಿಸಿಕೊಂಡು ಕರ್ತನ ಪ್ರಾರ್ಥನೆ ಹೇಳಿಸುತ್ತಿದ್ದಳು. ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ಅವ್ವನ ದನಿ ನಿಂತುಬಿಡುತ್ತಿತ್ತು. ನನ್ನದೂ ನಿಲ್ಲುತ್ತಿತ್ತು. ನಮ್ಮಿಬ್ಬರ ಮೌನದ ಮೇಲೆ ಆಯಿಯ ನಡುಗುವ ದನಿಯೊಂದೇ ದಾಟಿ ಹೋಗುತ್ತಿತ್ತು. ಅವಳು ಅವ್ವನಿಗೆ ಎಂದೂ ಬುದ್ಧಿ ಹೇಳಲಿಲ್ಲ. ಒಮ್ಮೆ ಅಕ್ಕಿ ಆರಿಸುತ್ತ ಕುಳಿತಾಗ ಅವ್ವ ತಡೆಯಲಾರದೆ ಕೇಳಿದಳು, ದೇವರಿಗೆ ನಮ್ಮ ಮೇಲೆ ಪ್ರೀತಿ ಇದ್ದಿದ್ದರೆ ಹೀಗೆ ಆಗಗೊಡುತ್ತಿದ್ದನೇ ಎಂದು. ಆಯಿ ಮೊರ ಕೆಳಗಿಟ್ಟಳು.

"ಖರೇ ಹೇಳ್ತೀನವ್ವಾ, ನನಗ ಗೊತ್ತಿಲ್ಲ. ನೀ ಮಗಳನ್ನ ಕಳಕೊಂಡಿ. ನಾ ಮಮ್ಮಗಳನ್ನೂ ಕಳಕೊಂಡೆ, ಮಗನ್ನೂ ಕಳಕೊಂಡೆ. ಆದ್ರ ಅಳಬೇಕಂದ್ರ ಮತ್ತ ಎಲ್ಲಿ ಹೋಗ್ಲಿ? ಆ ದೇವರ ಮುಂದಾ ಕುಂತು ಅಳಲಿಕತ್ತೀನಿ. ಎದ್ದು ಹೋಗು ಅಂತ ಅವ ಇನ್ನಾ ಅಂದಿಲ್ಲ."

ಈಸ್ಟರ್ ಹಬ್ಬಕ್ಕೆ ಒಂದು ವಾರವಿತ್ತು. ಕಟ್ಟೆಯ ಮೇಲೆ ಕುಳಿತು ಅವ್ವ ನನ್ನ ತಲೆ ಬಾಚುತ್ತಿದ್ದಳು. ಬೆರಳುಗಳಲ್ಲಿ ಕೊಬ್ಬರಿ ಎಣ್ಣೆಯ ತಂಪಿತ್ತು. ಓಣಿಯಲ್ಲಿ ಒಂದು ಟ್ರ್ಯಾಕ್ಟರ್ ಹಾದುಹೋಯಿತು. ಅವ್ವ ತನಗೆ ತಾನೇ ಅಂದುಕೊಳ್ಳುವಂತೆ, ಬೇಡವೆಂದು ಅಷ್ಟು ಹೇಳಿದ್ದೆ, ಆದರೂ ಕೂರಿಸಿದನಲ್ಲ ಎಂದಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಅದರಿಂದಲೇ ನನಗೆ ಧೈರ್ಯ ಬಂದಿರಬೇಕು.

"ಕಾಕಾ ಕುಂದ್ರಿಸಿಲ್ಲವ್ವಾ. ನಾ ಕುಂದ್ರಿಸಿದ್ದೆ."

ಬಾಚಣಿಗೆ ಕೂದಲಲ್ಲೇ ನಿಂತಿತು. ನಾನು ಏಟಿಗಾಗಿ ಹೆಗಲು ಬಿಗಿಹಿಡಿದೆ. ಏಟು ಬೀಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಕೈಗಳು ಮತ್ತೆ ಹೆಣೆಯತೊಡಗಿದವು. ಜಡೆ ಮುಗಿಸಿ, ರಿಬ್ಬನ್ ಕಟ್ಟಿ, ಅವ್ವ ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಏನು ಮಾಡಿದಳೋ ಗೊತ್ತಿಲ್ಲ. ತಿರುಗಿ ಬಂದಾಗ ಮುಖ ತೊಳೆದಿದ್ದಳು. ನನ್ನ ಮುಂದೆ ಮಂಡಿಯೂರಿ, ನನ್ನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದಳು. "ಎರಡು ವರ್ಷ ಇದನ್ನ ಒಬ್ಬಾಕಿನಾ ಹೊತ್ತಿಯೇನ ನನ್ನವ್ವಾ," ಎಂದಳು. ಆ ದಿನ ನಾನು ಅತ್ತಂತೆ ಮತ್ತೆಂದೂ ಅತ್ತಿಲ್ಲ. ಅಂದು ರಾತ್ರಿ ಅವ್ವ ಅಪ್ಪನಿಗೂ ಆಯಿಗೂ ನಿಜ ಹೇಳಿದಳು; ಅವರೂ ನನ್ನನ್ನು ಹತ್ತಿರ ಎಳೆದುಕೊಂಡರು.

ಮರುದಿನ ಮುಂಜಾನೆಯ ಪ್ಯಾಸೆಂಜರ್ ರೈಲಿಗೆ ಅವ್ವ ನನ್ನನ್ನು ಕರೆದುಕೊಂಡು ವಾಡಿಗೆ ಹೊರಟಳು. ಖಾನಾವಳಿಯ ಹಿಂದಿನ ಒಲೆಯ ಮುಂದೆ ಕಾಕಾ ಕುಳಿತಿದ್ದ. ಬಡಕಲಾಗಿದ್ದ, ಕಿವಿಯ ಬದಿಯ ಕೂದಲು ನರೆತಿತ್ತು. ನಮ್ಮನ್ನು ಕಂಡು ಎದ್ದು ಗೋಡೆಗೆ ಒತ್ತಿ ನಿಂತ. ಯಾಕೆ ಸುಳ್ಳು ಹೇಳಿದೆ ಎಂದು ಅವ್ವ ಕೇಳಿದಳು. ಅವನು ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದ.

"ಆಕಿ ಸಣ್ಣಾಕಿ ವೈನಿ. ಇನ್ನಾ ಭಾಳ ದಿನ ಬದುಕಬೇಕು. ಮತ್ತ, ನಾ ಹಿಂದ ನೋಡಲಾರ್ದ ಗಾಡಿ ಹೊಡದಿದ್ದಂತೂ ಖರೇನಾ ಅದ."

ಅವನ ಆ ಮಾತನ್ನು ಅವ್ವ ಅಲ್ಲಗಳೆಯಲಿಲ್ಲ. ಸುಳ್ಳು ಸಮಾಧಾನ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ಮನಿಗಿ ನಡಿ," ಎಂದಳು. "ನಿನ್ನ ನೋಡಿದಾಗೆಲ್ಲ ನನಗ ರೂತ ನೆನಪಾಗ್ತಾಳ. ಆಗ್ಲಿ. ಅಳು ಬಂದ್ರ ಅಳ್ತೀನಿ. ಆದ್ರೂ ನೀ ನಡಿ."

ಅವನು ಬಂದ. ಬಾಗಿಲಲ್ಲಿ ಅವನನ್ನು ಕಂಡ ಆಯಿ ಕರ್ತನ ಹೆಸರು ಹೇಳುತ್ತ ಅವನ ತಲೆ ಸವರಿದಳು. ಎಲ್ಲವೂ ಒಂದೇ ದಿನದಲ್ಲಿ ಸರಿಹೋಯಿತೆಂದು ಹೇಳಿದರೆ ತಪ್ಪಾದೀತು. ಅವ್ವ ಅವನಿಗೆ ಉಣ್ಣಲು ಬಡಿಸುತ್ತಿದ್ದಳು, ಆದರೆ ಎಷ್ಟೋ ತಿಂಗಳು ಮುಖವೆತ್ತಿ ಮಾತಾಡಲಿಲ್ಲ. ಕೆಲವು ದಿನ ಅವನ ಕೆಮ್ಮು ಕೇಳಿದರೂ ಎದ್ದು ಒಳಗೆ ಹೋಗುತ್ತಿದ್ದಳು. ಕಾಕಾ ಕಾಯುತ್ತಿದ್ದ. ಮತ್ತೆ ಟ್ರ್ಯಾಕ್ಟರ್ ಹತ್ತಲಿಲ್ಲ. ಶೆಡ್ಡಿನಲ್ಲಿ ಅಪ್ಪನ ಜೊತೆ ಕಲ್ಲು ತಿಕ್ಕಿದ. ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂರುತ್ತಿದ್ದವನಿಗೆ, ಒಂದು ಭಾನುವಾರ ಅವ್ವನೇ ತಿರುಗಿ, ಹಾಡು ಎತ್ತು ಎಂದು ಸನ್ನೆ ಮಾಡಿದಳು. ಅವನ ದನಿ ಮೊದಲ ಸಾಲಿನಲ್ಲೇ ಒಡೆಯಿತು. ಉಳಿದದ್ದನ್ನು ಅವ್ವ ಹಾಡಿದಳು.

ಈಗ ಆ ಓಣಿ ಇಲ್ಲ. ಗಣಿ ನಿಂತು ನೀರು ತುಂಬಿದೆ, ಮನೆಗಳ ಕಲ್ಲುಗಳನ್ನು ಯಾರೋ ಕಿತ್ತು ಒಯ್ದಿದ್ದಾರೆ. ಆಯಿ ಹೋದಳು, ಅಪ್ಪ ಹೋದ. ಕಾಕಾನ ಕೊನೆಯ ದಿನಗಳಲ್ಲಿ ಅವನ ಬಾಯಿಗೆ ಗಂಜಿ ಹಾಕಿದ್ದು ಅವ್ವನೇ. ಕಣ್ಣು ಮುಚ್ಚಿದ್ದೂ ಅವಳೇ. ಕಳೆದ ವರ್ಷ ಅವಳೂ ಹೋದಳು. ನನ್ನ ಗಂಡನಿಗೆ, ಮಕ್ಕಳಿಗೆ ನಾನು ಒಳ್ಳೆಯವಳು; ಶಾಲೆಯಲ್ಲಿ ನನ್ನಿಂದ ಕಲಿತವರಿಗೂ ಒಳ್ಳೆಯವಳು. ಆದರೆ ಆ ಮಧ್ಯಾಹ್ನ ನನ್ನ ಕೈ ಏನು ಮಾಡಿತು, ಬಾಯಿ ಏನನ್ನು ಮುಚ್ಚಿಟ್ಟಿತು ಎಂದು ತಿಳಿದೂ ನನ್ನನ್ನು ಎದೆಗೊತ್ತಿಕೊಂಡವರು ಆ ನಾಲ್ವರು ಮಾತ್ರ. ಹಾಗೆ ಪೂರ್ತಿ ತಿಳಿದು ಪ್ರೀತಿಸುವವನು ಈಗ ಒಬ್ಬನೇ ಉಳಿದಿದ್ದಾನೆ. ಅದಕ್ಕೇ ಇರಬೇಕು, ಈಚೆಗೆ ಪ್ರಾರ್ಥನೆಗೆ ಕುಳಿತರೆ ಬೇಗ ಏಳಲು ಮನಸ್ಸಾಗುವುದಿಲ್ಲ.