ಬಾವುಟ ಬೀಸಲ್ಲ, ಕಾರು ಓಡಿಸ್ತೀನಿ

"ಸಾರ್, ನೀವು ಬಾವುಟ ಬೀಸಿ ಉದ್ಘಾಟನೆ ಮಾಡ್ಬಿಡಿ, ಸಾಕು" ಅಂದರು ಸಂಘಟಕರು.

ನಾನು ಹೋಗಿದ್ದು ರೇಸಿಗೆ ಹೆಸರು ಕೊಡಲು.

ಇದು ಎರಡು ಸಾವಿರದ ಐದಾರರ ಆಸುಪಾಸಿನ ಮಾತು. ಹೊಳೆಹೊನ್ನೂರಿನ ಹತ್ತಿರ ಭತ್ತ ಕೊಯ್ದ ಗದ್ದೆಯಲ್ಲಿ ಟ್ರ್ಯಾಕ್ ಮಾಡಿದ್ದರು. ಒಬ್ಬೊಬ್ಬರಾಗಿ ಕಾರು ಓಡಿಸಬೇಕು, ಎಲ್ಲರಿಗಿಂತ ಬೇಗ ಸುತ್ತು ಮುಗಿಸಿದವರು ಗೆದ್ದಂತೆ.

ಸಂಘಟಕರು ಕೆಟ್ಟವರೇನಲ್ಲ. ಅವರ ಕಣ್ಣು ನನ್ನ ಊರುಗೋಲಿನ ಮೇಲಿತ್ತು, ಅಷ್ಟೇ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ನನ್ನ ಎಡಗಾಲು ಸಣಕಲಾಗಿದೆ.

ಕಾರಿನ ಕಥೆ ಹೇಳದೆ ಮುಂದೆ ಹೋಗಲಾರೆ...

ಗಲ್ಫಿನಿಂದ ವಾಪಸ್ ಬಂದವರೊಬ್ಬರು ಮಂಗಳೂರಿನಲ್ಲಿ ಮಾರುತ್ತಿದ್ದ, ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ಅದು. ಆಟೋಮ್ಯಾಟಿಕ್. ಕ್ಲಚ್ಚೇ ಇಲ್ಲ, ಅಂದರೆ ಎಡಗಾಲಿಗೆ ಕೆಲಸವೇ ಇಲ್ಲ. ನೋಡಿದ ಕೂಡಲೇ ನನ್ನದು ಅನ್ನಿಸಿತು.

ಊರಿಗೆ ಹಾಗನ್ನಿಸಲಿಲ್ಲ. ಭದ್ರಾವತಿಯಲ್ಲಿ ನನ್ನದು ಎಲೆಕ್ಟ್ರಿಕಲ್ ಅಂಗಡಿ. ಬಲ್ಬ್ ತಗೊಳ್ಳಲು ಬಂದವರು ಕೂಡ "ನಿಮ್ಮಂಥೋರಿಗೆ ಮೂರು ಚಕ್ರದ ಸ್ಕೂಟರ್ ಬರುತ್ತಲ್ಲ ಮಾರಾಯ್ರೆ" ಎಂದು ಬುದ್ಧಿ ಹೇಳಿ ಹೋಗುತ್ತಿದ್ದರು.

ಕಷ್ಟ ಇದ್ದದ್ದೂ ನಿಜ. ಶಿವಮೊಗ್ಗದ ಮನೆಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಪ್ರತಿ ರೋಡ್ ಹಂಪ್‌ಗೂ ಕಾರಿನ ಹೊಟ್ಟೆ ಉಜ್ಜುತ್ತಿತ್ತು. ಶಾಕ್ ಅಬ್ಸಾರ್ಬರುಗಳು ಸತ್ತು ಹೋಗಿದ್ದವು, ಗುಂಡಿಗೆ ಬಿದ್ದ ಏಟೆಲ್ಲ ನೇರ ನನ್ನ ಸೊಂಟಕ್ಕೆ.

ಕಾರು ಬದಲಾಯಿಸಿ ಅಂದರು ಡಾಕ್ಟರು. ನಾನು ಸಸ್ಪೆನ್ಷನ್ ಬದಲಾಯಿಸಲು ಹೊರಟೆ.

ರಾಗಿಗುಡ್ಡದ ಹತ್ತಿರ ಗ್ಯಾರೇಜ್ ಇಟ್ಟಿದ್ದ ರಸೂಲ್ ಭಾಯ್ ತಲೆ ಆಡಿಸಿದರು. "ಬಿಟ್ಬಿಡಿ ಸಾಬ್, ಈ ಗಾಡಿ ನಮ್ಮ ರೋಡಿಗಲ್ಲ."

"ಅದನ್ನ ರೋಡಿಗೆ ಹೇಳಿ, ನನಗ್ಯಾಕೆ ಹೇಳ್ತೀರಿ?" ಅಂದೆ.

ಕೊಯಮತ್ತೂರಿನಿಂದ ಅಡ್ಜಸ್ಟಬಲ್ ಕಾಯಿಲೋವರ್ ತರಿಸಿದೆ. ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗ್ ಕೂತಿರುತ್ತದೆ. ಮೈಮೇಲಿನ ತಿರುಪು ತಿರುಗಿಸಿದರೆ ಕಾರು ಮೇಲೆ ಕೆಳಗೆ, ತಲೆಯ ಮೇಲಿನ ಗುಂಡಿ ತಿರುಗಿಸಿದರೆ ಗಟ್ಟಿ ಮೆತ್ತಗೆ.

ರಸೂಲ್ ಭಾಯ್ ಮೊದಲ ಸಲ ಅದನ್ನು ನೆಲಕ್ಕೆ ಅಂಟುವಷ್ಟು ತಗ್ಗಿಸಿ, ಕಲ್ಲಿನಂತೆ ಗಟ್ಟಿ ಮಾಡಿ ಕೊಟ್ಟರು. ರೇಸ್ ಕಾರು ಅಂದರೆ ಹಾಗೇ ಇರಬೇಕಂತೆ. ಅವತ್ತು ಅಂಗಡಿಯ ಮುಂದೆ ಕಾರಿನಿಂದ ಇಳಿಯಲು ಆಗದೆ ನಾನು ಸೀಟಿನಲ್ಲೇ ಕೂತುಬಿಟ್ಟೆ. ನೋವಿಗೆ ಕಣ್ಣಲ್ಲಿ ನೀರು ಬಂತು.

ಮಾರನೇ ದಿನ ಮತ್ತೆ ಗ್ಯಾರೇಜಿಗೆ ಹೋದೆ. ಎತ್ತಿ, ಮೆತ್ತಗೆ ಮಾಡಿ ಅಂದೆ.

"ಎತ್ತಿದ್ರೆ ಶಾನ್ ಹೋಗುತ್ತೆ ಸಾಬ್, ಗತ್ತೇ ಇರಲ್ಲ."

"ಶಾನ್ ಹೋಗ್ಲಿ ಭಾಯ್, ಸೊಂಟ ಇರ್ಲಿ."

ಆಮೇಲೆ ವಾರಗಟ್ಟಲೆ ಇದೇ ಕೆಲಸ. ಸ್ವಲ್ಪ ದೂರ ಓಡಿಸುವುದು, ನಿಲ್ಲಿಸುವುದು, ತಿರುಗಿಸುವುದು, ಮತ್ತೆ ಓಡಿಸುವುದು. ಒಂದು ದಿನ ಭದ್ರಾವತಿಯ ರೈಲ್ವೆ ಗೇಟ್ ದಾಟಿ ಮುಂದೆ ಬಂದ ಮೇಲೆ ಗೊತ್ತಾಯಿತು... ದಾರಿಯುದ್ದಕ್ಕೂ ನಾನು ನೋವಿಗೆ ಹಲ್ಲು ಕಚ್ಚಿರಲೇ ಇಲ್ಲ!

ಅದೇ ವಾರ ಹೊಳೆಹೊನ್ನೂರಿನ ರೇಸಿನ ಸುದ್ದಿ ಕಿವಿಗೆ ಬಿತ್ತು.

ಈಗ ಮತ್ತೆ ಗದ್ದೆಗೆ ಬರುತ್ತೇನೆ. ಬಾವುಟದ ಮಾತು ಕೇಳಿ ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಗಿರಿಜಾ ಮುಂದೆ ಬಂದಳು. "ಬಾವುಟ ಬೇಕಾದ್ರೆ ನಾನು ಬೀಸ್ತೀನಿ ಸಾರ್. ಇವ್ರು ಬಂದಿರೋದು ಗಾಡಿ ಓಡ್ಸೋಕೆ."

ಲೈಸೆನ್ಸ್ ತೋರಿಸಿದೆ. ಕಾರು ತಪಾಸಣೆಯಲ್ಲಿ ಪಾಸಾಯಿತು. ಬೇಡ ಅನ್ನಲು ಅವರ ಹತ್ತಿರ ಕಾರಣ ಉಳಿಯಲಿಲ್ಲ.

ನನ್ನ ಸರದಿ ಬಂತು. ಗೆರೆಯ ಮೇಲೆ ಕಾರು ನಿಲ್ಲಿಸಿದೆ. ಮೈಕಿನವನು ಶುರು ಮಾಡಿದ: "ಈಗ ನಮ್ಮ ಅಂಗವಿಕಲ ಸಹೋದರ ಮಂಜುನಾಥ್! ಅವರ ಧೈರ್ಯಕ್ಕೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಬೇಕು!"

ಇಡೀ ಗದ್ದೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನ್ನ ಚಕ್ರ ಇನ್ನೂ ಒಂದು ಸುತ್ತು ತಿರುಗಿರಲಿಲ್ಲ.

ಇಂಜಿನ್ ಆಫ್ ಮಾಡಿದೆ.

ಸಂಘಟಕರು ಓಡಿ ಬಂದರು. "ಏನಾಯ್ತು ಸಾರ್, ಬೇಡ್ವಾ? ಇಳೀತೀರಾ?"

"ಇಳಿಯಲ್ಲ. ಬೇರೆಯವರನ್ನ ಹೆಂಗೆ ಕರೆದ್ರೋ ನನ್ನೂ ಹಂಗೇ ಕರೆಸಿ. ಹೆಸರು, ಕಾರು, ಅಷ್ಟೇ. ಅಲ್ಲಿವರೆಗೂ ಗಾಡಿ ತೆಗೆಯಲ್ಲ."

ಹಿಂದಿನ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಯಾರೋ 'ಭಾರಿ ಪೊಗರು' ಅಂದದ್ದು ಕೇಳಿಸಿತು. ಇರಲಿ ಅಂದುಕೊಂಡೆ. ಕೊನೆಗೆ ಮೈಕಿನವನು ಮುಖ ಸಣ್ಣ ಮಾಡಿಕೊಂಡು "ಮಂಜುನಾಥ್. ಕೆಂಪು ಕಾರು" ಅಂದ.

ಹೊರಟೆ!

ಒಣಗಿದ ಹೆಂಟೆಗಳ ಮೇಲೆ, ಸವರಿದ ಬದುಗಳ ಮೇಲೆ ಕಾರು ಎಷ್ಟು ಕುಲುಕಿದರೂ ಚಕ್ರ ನೆಲ ಬಿಡಲೊಲ್ಲದು. ಸೊಂಟದ ನೆನಪೇ ಬರಲಿಲ್ಲ. ಮೂರನೇ ತಿರುವಿನಲ್ಲಿ ಮಾತ್ರ ಆಸೆ ಜಾಸ್ತಿಯಾಗಿ ದಾರಿಯ ಗುರುತಿಗೆ ಇಟ್ಟಿದ್ದ ಒಂದು ಕೋನ್ ಉರುಳಿಸಿದೆ, ಅದಕ್ಕೆ ಸೆಕೆಂಡುಗಳ ದಂಡ ಬಿತ್ತು.

ಏಳನೆಯವನಾದೆ.

ಮೊದಲ ಮೂವರಿಗೆ ಹಾರ ಹಾಕಿದರು. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಎಷ್ಟು ಹಗುರ ಅನ್ನಿಸಿತು ಗೊತ್ತಾ!

ಅಷ್ಟರಲ್ಲಿ ಸಂಘಟಕರು ಒಂದು ಕಪ್ ಹಿಡಿದು ಬಂದರು. ವಿಶೇಷ ಬಹುಮಾನವಂತೆ.

"ಏಳನೇ ಬಂದೋರಿಗೆಲ್ಲ ಕೊಡ್ತೀರಾ?" ಅಂತ ಕೇಳಿದೆ.

"ಇಲ್ಲ ಸಾರ್, ನಿಮಗೆ ಮಾತ್ರ."

"ಹಂಗಾದ್ರೆ ಬೇಡ."

ನಮ್ಮ ಜೊತೆ ಬಂದಿದ್ದ ರಸೂಲ್ ಭಾಯ್‌ಗೆ ಮಾತ್ರ ಸಿಟ್ಟು ಬಂತು. ಕಪ್ ತಂದು ಗ್ಯಾರೇಜಿನಲ್ಲಿ ಇಡುವ ಆಸೆ ಇತ್ತಂತೆ.

ಹೊರಡುವ ಹೊತ್ತಿಗೆ ಎಂಟನೇ ಬಂದ ಹುಡುಗ ಹುಡುಕಿಕೊಂಡು ಬಂದ. "ಬ್ರೇಕ್ ಲೇಟಾಗಿ ಹೊಡೆದ್ರಿ, ಅದಕ್ಕೇ ಕೋನ್ ಬಿತ್ತು" ಎಂದು ನನ್ನ ತಪ್ಪು ಎತ್ತಿ ಆಡಿದ. ಆಮೇಲೆ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಒಳಗೆ ಬಗ್ಗಿ ನೋಡುತ್ತಾ "ಸಾರ್, ಎಷ್ಟು ಮೆತ್ತಗೆ ಇಟ್ಟಿದೀರಿ ಇದನ್ನ?" ಎಂದು ಕೇಳಿದ.

ಕಾಲಿನ ಬಗ್ಗೆ ಒಂದು ಮಾತೂ ಇಲ್ಲ. ಕತ್ತಲಾಗುವವರೆಗೂ ಇಬ್ಬರೂ ಸಸ್ಪೆನ್ಷನ್ ಬಗ್ಗೆಯೇ ಜಗಳವಾಡಿದೆವು.

ಎಲ್ಲರ ಹಾಗೆ ಸೋಲುವ ಅವಕಾಶಕ್ಕಾಗಿ ಹಟ ಹಿಡಿದು ನಿಂತ ಅನುಭವ... ನಿಮ್ಮಲ್ಲಿ ಯಾರಿಗಾದರೂ ಇದೆಯಾ?